ಮಾರಮ್ಮನಿಗೆ ಬಿಟ್ಟ ಟಗರು

ಮಧುಗಿರಿ ಬೆಟ್ಟದ ಬುಡದ ಕೇರಿಯಲ್ಲಿ ಮುದ್ದಕ್ಕನ ಮನೆ ಕಡೆಯದು. ಆ ಮನೆಯ ಹಿತ್ತಲಲ್ಲಿ ಒಂದು ಟಗರಿತ್ತು. ಅದರ ಬಲಗಿವಿಯ ತುದಿಯನ್ನು ಕತ್ತರಿಸಿದ್ದರು. ಅದನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ, ಕೋಲೆತ್ತಿ ಒಂದು ಏಟು ಹಾಕುವ ಹಾಗೂ ಇಲ್ಲ. ಹಿತ್ತಲ ನುಗ್ಗೆಯ ಸೊಪ್ಪು ಮೊದಲು ಅದಕ್ಕೆ, ಮಿಕ್ಕಿದ್ದು ಮನೆಯವರ ಸಾರಿಗೆ.

"ಮೈದುನಂಗೆ ಸೊಪ್ಪು ಹಾಕ್ಬುಟ್ಟು ಬಂದೆ ಅತ್ತೆ. ಇನ್ನ ನಮಗೇನಾದ್ರೂ ಉಳ್ದೈತಾ ನೋಡ್ತೀನಿ," ಎಂದು ಸೊಸೆ ಲಕ್ಷ್ಮಕ್ಕ ದಿನಾ ಒಂದು ಸಲ ಚುಚ್ಚದೆ ಒಲೆ ಹಚ್ಚುತ್ತಿರಲಿಲ್ಲ.

ಲಕ್ಷ್ಮಕ್ಕನ ನಿಜವಾದ ಮೈದುನ, ಎಂದರೆ ಮುದ್ದಕ್ಕನ ಕಿರಿಯ ಮಗ ದಾನಪ್ಪ, ಮಿಲಿಟರಿಗೆ ಸೇರಿ ಅಸ್ಸಾಮಿನ ಕಡೆ ರಸ್ತೆ ಮಾಡುವ ಪಡೆಯಲ್ಲಿದ್ದ. ಅವನು ಹೊರಟ ವಾರವೇ ಮುದ್ದಕ್ಕ ಒಂದು ಎಳೆಯ ಮರಿಯನ್ನು ತಂದು, ಕಿವಿ ಕತ್ತರಿಸಿ, ದಂಡಿನ ಮಾರಮ್ಮನ ಮುಂದೆ ನಿಲ್ಲಿಸಿದ್ದಳು. ದಂಡಿಗೆ ಹೋದ ಮಗನನ್ನು ಆ ತಾಯಿಗಲ್ಲದೆ ಇನ್ಯಾರಿಗೆ ಒಪ್ಪಿಸುವುದು? "ನನ್ ಮಗ ದಂಡು ಬಿಟ್ಟು ಮನೆ ಸೇರಿದ ದಿನ ಇದು ನಿಂದು. ಅಲ್ಲೀಗಂಟ ಇದನ್ನ ನಾನು ಕಾಯ್ತೀನಿ, ಅವನನ್ನ ನೀನು ಕಾಯಿ," ಎಂದು ಕೈಮುಗಿದು ಬಂದಿದ್ದಳು.

ಹಾಗೆಂದು ಇವರು ಮಾರಮ್ಮನ ಒಕ್ಕಲಲ್ಲ. ಇಗರ್ಜಿಗೆ ಹೋಗುವ ಮನೆ. ಹಿಂದೆ ಧಾತು ಸಂವತ್ಸರದ ದೊಡ್ಡ ಬರದಲ್ಲಿ ಮಿಷನ್ನಿನವರ ಗಂಜಿ ಕುಡಿದು ಬದುಕಿದ ಹುಡುಗ ಮುದ್ದಕ್ಕನ ಮಾವ. ಅವನು ತಲೆಗೆ ನೀರು ಹಾಕಿಸಿಕೊಂಡ ಮೇಲೆ ಮನೆಯವರೆಲ್ಲ ಕ್ರಿಸ್ತನವರಾದರು. ಇಗರ್ಜಿಯಲ್ಲಿ ಮುದ್ದಕ್ಕನ ಹೆಸರು ಮಾರ್ಥಮ್ಮ, ಕೇರಿಯಲ್ಲಿ ಮುದ್ದಕ್ಕ. ಭಾನುವಾರ ಇಗರ್ಜಿಯಲ್ಲಿ ಹಾಡು ಹೇಳಿ, ಮಂಗಳವಾರ ಟಗರಿನ ಹಣೆಗೆ ಕುಂಕುಮ ಇಡುತ್ತಿದ್ದಳು. ನಡುವೆ ಸೋಮವಾರ ಒಂದಿದೆಯಲ್ಲ, ಒಬ್ಬರಿಗೊಬ್ಬರು ಎದುರಾಗುವುದಿಲ್ಲ ಎಂದು ಅವಳ ಧೈರ್ಯ. ಇಗರ್ಜಿಯ ಉಪದೇಶಿಗಳು ಮನೆಗೆ ಬಂದು ಟಗರಿನ ಕಡೆ ನೋಡಿದರೆ ಗಂಡ ಕಾಟಪ್ಪ, "ಉಣ್ಣೆಗೆ ಸಾಕೀವಿ ಅಯ್ಯಾ," ಎನ್ನುತ್ತಿದ್ದ. ಅವರು ಹೂಂ ಎನ್ನುತ್ತಿದ್ದರು.

ಎರಡು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ದಾನಪ್ಪ, ಯುದ್ಧಕ್ಕೆ ಪೆಟ್ರೋಲೆಲ್ಲ ಹೋಗಿ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಿಂದ ಇಳಿದು, ಮೈತುಂಬ ಮಸಿ ಮೆತ್ತಿಕೊಂಡು ಬಾಗಿಲಲ್ಲಿ ನಿಂತ. ಮುದ್ದಕ್ಕ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಮಗನ ಮುಖವನ್ನು ಎರಡೂ ಕೈಯಲ್ಲಿ ಸವರಿದಳು.

"ಬಂದ್ಬುಟ್ಯಾ ನನ್ನಪ್ಪ. ಇನ್ನ ಹೋಗಂಗಿಲ್ವಲ್ಲ?"

"ರಜಾ ಕಣವ್ವ. ಒಂದ್ ತಿಂಗಳು ಇರ್ತೀನಿ."

ಮುದ್ದಕ್ಕ ಹಿತ್ತಲ ಕಡೆ ಒಮ್ಮೆ ನೋಡಿದಳು. ಹಾಗಾದರೆ ಟಗರಿನ ದಿನ ಇನ್ನೂ ಬಂದಿಲ್ಲ.

ಹುರುಳಿ ಸಾರು, ಮುದ್ದೆ. ಅಪ್ಪ, ಅಣ್ಣ ಬೊಮ್ಮಪ್ಪ, ದಾನಪ್ಪ ಸಾಲಾಗಿ ಕೂತರು. ಕಾಟಪ್ಪನ ಕೈ ಮುದ್ದೆ ಮುರಿಯುವ ಹೊತ್ತಿಗೆ ದಾನಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಅಡಿಗೆ ಮಾಡಿದವರಿಗೆ, ಕ್ಯಾಂಪಿನ ಹುಡುಗರಿಗೆ, ಜ್ವರ ಬಂದು ಮಲಗಿದವರಿಗೆ, ಕಡೆಗೆ ಆಚೆ ಗುಡ್ಡದಲ್ಲಿ ಕೂತ ಶತ್ರುಗಳಿಗೂ ಒಳ್ಳೆಯದು ಕೇಳಿದ. ಕಾಟಪ್ಪನ ಬೆರಳು ಸಾರಿನಲ್ಲೇ ನೆನೆಯಿತು. ಅವನ ಕಸುಬು ಬೀಸುವ ಕಲ್ಲು, ಒರಳು ಕೆತ್ತುವುದು.

"ಮುದ್ದೆ ಆರಿ ಕಲ್ಲಾಯ್ತೈತೆ ಕಣ್ಲಾ. ಬೆಳಗಿಂದ ಕಲ್ಲೇ ಕೆತ್ತಿ ಬಂದೀನಿ, ಊಟಕ್ಕೂ ಕಲ್ಲೇ ಇಕ್ಕುಸ್ತೀಯಾ?"

"ಆಮೆನ್ ಅನ್ನಪ್ಪ, ಉಣ್ಣಾನ," ಎಂದು ದಾನಪ್ಪ ನಕ್ಕ.

ಆ ನಗು ಮೊದಲಿನದಲ್ಲ ಎಂದು ಮುದ್ದಕ್ಕನಿಗೆ ಅನ್ನಿಸಿತು. ಮೊದಲು ಅವನು ನಕ್ಕರೆ ಎಲ್ಲೋ ಏನೋ ಮಾಡಿ ಬಂದಿದ್ದಾನೆ ಎಂದೇ ಲೆಕ್ಕ. ಹೆಂಡದಂಗಡಿಯಿಂದ ಅವನನ್ನು ಎಳೆದು ತಂದ ದಿನಗಳು ಅವಳಿಗೆ ಮರೆತಿರಲಿಲ್ಲ.

ಈಗ ನೋಡಿದರೆ ಬೆಳಗಾಗೆದ್ದು ಬಾವಿಯಿಂದ ನೀರು ಹೊರುತ್ತಾನೆ. ಅತ್ತಿಗೆಯ ಎದುರು ಕೂತು ಬೀಸುವ ಕಲ್ಲಿನ ಗೂಟಕ್ಕೆ ಕೈ ಹಾಕುತ್ತಾನೆ.

"ಬುಡಪ್ಪ, ಗಂಡಸು ಕಲ್ಲು ಬೀಸಿದ್ರೆ ನೋಡ್ದೋರು ಏನಂದಾರು," ಎಂದಳು ಲಕ್ಷ್ಮಕ್ಕ.

"ಆ ಕಲ್ಲು ಮಾಡ್ದೋನು ಗಂಡಸೇ ಅಲ್ವಾ ಅತ್ತಿಗೆ?"

ಬೀಸುತ್ತ ಬೀಸುತ್ತ ಅವನು ಅಲ್ಲಿಯ ಮಾತು ಹೇಳಿದ. ಎತ್ತ ನೋಡಿದರೂ ಕೆಸರು, ಜಿಗಣೆ, ಚಳಿ. ಹೆಸರಿಗೆ ಮಾತ್ರ ಕ್ರಿಸ್ತನವರಾದ ಹುಡುಗರೆಲ್ಲ ರಮ್ಮು, ಇಸ್ಪೀಟು. ಪಾವಗಡದ ಕಡೆಯ ಚಿಕ್ಕರಂಗಯ್ಯ ಎಂಬುವವನ ಕಂಬಳಿಯನ್ನು ದಾನಪ್ಪನೇ ಕದ್ದಿದ್ದ. ಕಂಬಳಿಯಿಲ್ಲದ ಚಿಕ್ಕರಂಗಯ್ಯನಿಗೆ ಜ್ವರ ಬಂತು. ಅವನ ತಲೆದೆಸೆಯಲ್ಲಿ ಕೂತು ಆರೈಕೆ ಮಾಡುತ್ತಿದ್ದವನು ಒಬ್ಬ ತಮಿಳು ಹವಾಲ್ದಾರ. ಒಂದು ಸಂಜೆ ಆ ಹವಾಲ್ದಾರ ಬೈಬಲ್ಲು ತೆರೆದು, ಬೋಧನೆ ಮಾಡದೆ, ತಾನು ಮಾಡಿದ ತಪ್ಪುಗಳನ್ನು ಎಲ್ಲರ ಎದುರು ಒಂದೊಂದಾಗಿ ಹೇಳಿಕೊಂಡ. ಕೇಳುತ್ತಿದ್ದವರು ತಲೆ ತಗ್ಗಿಸಿದರು. ಆಮೇಲೆ ಒಬ್ಬ ಎದ್ದ, ಇನ್ನೊಬ್ಬ ಎದ್ದ.

"ನಾನೂ ಎದ್ದೆ ಅತ್ತಿಗೆ. ಕಂಬಳಿ ತಂದು ಚಿಕ್ಕರಂಗನ ಮೇಲೆ ಹೊದ್ಸಿದೆ. ಚಳಿಯಾಗೆ ಬರೀ ಮೈಯಾಗೆ ಮಲಗ್ದೆ, ಅವತ್ತೇ ನಂಗೆ ನಿದ್ದೆ ಬಂದಿದ್ದು. ಈಗ ಸಂಜೆಯಾದ್ರೆ ರೇಷನ್ ಡೇರೆಯಾಗೆ ಸೇರ್ತೀವಿ. ಚಿಕ್ಕರಂಗನೂ ಬತ್ತಾನೆ, ಅವನೀಗ ನನ್ನ ತಮ್ಮನಿದ್ದಂಗೆ."

ಲಕ್ಷ್ಮಕ್ಕ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದಳು.

ಆ ಹೇಳಿಕೊಳ್ಳುವ ಅಭ್ಯಾಸ ಮನೆಗೂ ಬಂತು. ಒಂದು ರಾತ್ರಿ ಊಟದ ನಡುವೆ ದಾನಪ್ಪ ಅಣ್ಣನ ಕಡೆ ತಿರುಗಿ, "ಅಣ್ಣಾ, ನಾನು ದಂಡಿಗೆ ಹೋಗೋಕೆ ಮುಂಚೆ ಕಳೆದ್ಹೋಯ್ತಲ್ಲ ನಿನ್ನ ಕಲ್ಲು ಕೆತ್ತೋ ಚಾಣ, ಸುತ್ತಿಗೆ, ಅದನ್ನ ತಗಂಡೋಗಿ ಹೆಂಡದಂಗಡಿಗೆ ಕೊಟ್ಟೋನು ನಾನು," ಎಂದ.

ಬೊಮ್ಮಪ್ಪ ಎತ್ತಿದ ತುತ್ತನ್ನು ಗಂಗಳಕ್ಕೇ ಹಾಕಿದ. ಆ ಚಾಣವನ್ನು ತೋವಿನಕೆರೆಯ ಬಾಮೈದ ಕದ್ದನೆಂದು ಅವನು ಆ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಿದ್ದ. ಬಾಮೈದ ಎಂದರೆ ಲಕ್ಷ್ಮಕ್ಕನ ಒಡಹುಟ್ಟಿದವನು. ಲಕ್ಷ್ಮಕ್ಕ ಸೌಟನ್ನು ಸಾರಿನ ಗಡಿಗೆಯೊಳಗೆ ಬಿಟ್ಟು ಎದ್ದು ನಿಂತಳು.

"ನನ್ ತಮ್ಮನ್ನ ಕಳ್ಳ ಅಂದ್ರಲ್ಲ. ನಮ್ಮವ್ವನ ತಿಥಿಗೂ ನನ್ನ ಕಳಿಸ್ಲಿಲ್ವಲ್ಲ."

"ನಂಗೇನೇ ಗೊತ್ತಿತ್ತು," ಎಂದ ಬೊಮ್ಮಪ್ಪ. ತಮ್ಮನ ಮೇಲೆ ತಿರುಗಿದ. "ನೀನು ದೇವರ ಮುಂದೆ ಹೇಳ್ಕಂಡು ಸುಮ್ಕಿದ್ದಿದ್ರೆ ಆಗ್ತಿರ್ಲಿಲ್ವೇನ್ಲಾ? ಊಟದ ಹೊತ್ನಾಗೆ ನನ್ ಸಂಸಾರಕ್ಕೆ ಯಾಕೆ ಬೆಂಕಿ ಇಕ್ದೆ?"

ಅವತ್ತಿನಿಂದ ಬೊಮ್ಮಪ್ಪನಿಗೆ ಸಾರು ಬಡಿಸುವ ಕೆಲಸ ಮುದ್ದಕ್ಕನ ಪಾಲಿಗೆ ಬಂತು. ಕಡೆಗೆ ದಾನಪ್ಪನೇ ಅಣ್ಣನನ್ನು ಕರೆದುಕೊಂಡು ತೋವಿನಕೆರೆಗೆ ಹೋಗಿ ಆ ಬಾಮೈದನ ಕಾಲು ಹಿಡಿದು ಬಂದ. ಬಾಮೈದ ಒಂದು ಕುಂಬಳಕಾಯಿ ಹೊರಿಸಿ ಕಳಿಸಿದ. ಲಕ್ಷ್ಮಕ್ಕ ಆ ಕುಂಬಳಕಾಯಿ ಹೆಚ್ಚುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದೆಲ್ಲ ನೋಡಿ ಮುದ್ದಕ್ಕನಿಗೆ, ನನ್ನ ಮಗನನ್ನು ಹೊಸದಾಗಿ ಹೆತ್ತು ಕಳಿಸಿದ್ದಾರೆ ಅನ್ನಿಸಿತು. ಕೇರಿಯ ಹುಡುಗರು ಸಂಜೆ ಹುಣಿಸೆ ಮರದಡಿ ಅವನ ಸುತ್ತ ಕೂತು ಹಾಡತೊಡಗಿದರು. ಹೆಂಡದಂಗಡಿಯವನು ದಾರಿಯಲ್ಲಿ ಕಾಟಪ್ಪನನ್ನು ಹಿಡಿದು, "ನಿನ್ ಮಗನ ರಜಾ ಎಂದು ಮುಗೀತದೆ ಮಾರಾಯ," ಎಂದು ಕೇಳಿದನಂತೆ.

ಕುಂಬಳಕಾಯಿಯ ಖುಷಿಯಲ್ಲೇ ಲಕ್ಷ್ಮಕ್ಕನ ನಾಲಗೆ ಜಾರಿತು.

"ದಿಟದ ಮೈದುನ ಬಂದ್ಮೇಲೆ ಹಿತ್ತಲ ಮೈದುನನ್ನ ಕೇಳೋರೇ ಇಲ್ಲ ನೋಡು," ಎಂದಳು ಸಿಪ್ಪೆಯನ್ನು ಟಗರಿಗೆ ಹಾಕುತ್ತ.

"ಅದ್ಯಾಕತ್ತಿಗೆ ಅದು ಮೈದುನ?"

ಲಕ್ಷ್ಮಕ್ಕ ತುಟಿ ಕಚ್ಚಿಕೊಂಡಳು. ಅವತ್ತು ಮಂಗಳವಾರ. ಟಗರಿನ ಹಣೆಯಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು.

ದಾನಪ್ಪ ಒಳಗೆ ಬಂದು ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ಆ ಟಗರು ಯಾರ್ದು?"

"ನಮ್ಮದೇ."

"ಕಿವಿ ಯಾಕೆ ಕತ್ರಿಸೈತೆ?"

"ಬೇಲಿಗೆ ಸಿಗಾಕ್ಕಂಡು ಹರೀತು."

"ಅವ್ವಾ."

ಮುದ್ದಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮಾರಮ್ಮಂದು ಕಣ್ಲಾ. ನಿನ್ ಹೆಸ್ರಾಗೆ ಬಿಟ್ಟೀನಿ. ನೀನು ದಂಡು ಬಿಟ್ಟು ಬಂದ್ ದಿನ ಕೊಡಾಕೆ."

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದಳು. ಕೂಗಾಡಲಿಲ್ಲ. ಅವನ ಕಣ್ಣು ತುಂಬಿತು.

"ನನ್ ಪ್ರಾಣಕ್ಕೆ ಆಗ್ಲೇ ಒಬ್ಬ ಸತ್ತವ್ನೆ ಅಂತ ನಾನು ಅಲ್ಲಿ ಎದ್ದು ನಿಂತು ಹೇಳ್ತೀನಿ. ನೀನಿಲ್ಲಿ ನನ್ ಪ್ರಾಣಕ್ಕೆ ಟಗರು ಕಟ್ಟೀಯಲ್ಲವ್ವ."

"ಇಬ್ರೂ ಕಾದ್ರೆ ಏನ್ಲಾ ಕಮ್ಮಿ ಆಯ್ತದೆ?"

"ಒಬ್ಬನ್ನ ನಂಬ್ದೋಳು ಇನ್ನೊಬ್ರ ಬಾಗ್ಲಿಗೆ ಯಾಕೆ ಹೋಯ್ತಾಳೆ? ನಿಂಗೆ ನಂಬ್ಕೆ ಇಲ್ಲ ಅಂತ ಆಯ್ತಲ್ಲ."

"ನಂಬ್ಕೆ ಗಿಂಬ್ಕೆ ನಂಗೆ ಗೊತ್ತಾಗಾಕಿಲ್ಲ ಮಗ. ನಂಗೆ ಗೊತ್ತಿರೋದು ದಿಗಿಲು."

ಅವನು ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ, ತಾನು ಹೊರಡುವ ಮುಂಚೆ ಕೇರಿಯವರಿಗೆಲ್ಲ ಒಂದು ಪ್ರಾರ್ಥನೆಯ ಊಟ ಹಾಕಬೇಕೆಂದ. ಅದಕ್ಕೆ ಆ ಟಗರನ್ನೇ ಕೊಯ್ಯಬೇಕೆಂದ.

"ಬ್ಯಾರೆ ಕುರಿ ತರಾನ ಕಣ್ಲಾ. ಸಾಲ ಮಾಡಿಯಾದ್ರೂ ತರಾನ."

"ಅದೇ ಆಗ್ಬೇಕವ್ವ. ಇಲ್ದಿದ್ರೆ ನಾನು ಹೋದ್ಮೇಲೂ ನೀನು ದಿನಾ ಅದರ ಮುಖ ನೋಡ್ಕಂಡು ದಿಗಿಲು ಬೀಳ್ತಿರ್ತೀಯ. ನಾನು ಬಲವಂತ ಮಾಡಾಕಿಲ್ಲ. ಮಾರಮ್ಮಂಗೇ ಕೊಡ್ತೀನಿ ಅಂದ್ರೆ ಕೊಡು, ತಡೆಯಾಕಿಲ್ಲ. ಆದ್ರೆ ನನ್ ಹಿಂದೆ ಕದ್ದು ಕೊಡ್ಬ್ಯಾಡ. ನಂಗೆ ಹೇಳಿ ಕೊಡು."

ಮನೆ ಎರಡಾಯಿತು. ಬೊಮ್ಮಪ್ಪ, "ಹರಕೆ ಪ್ರಾಣಿ ಕೊಯ್ಯೋ ಕತ್ತಿ ನಾನು ಹಿಡಿಯಾಕಿಲ್ಲ," ಎಂದ. ಲಕ್ಷ್ಮಕ್ಕ ಟಗರಿಗೆ ಸೊಪ್ಪು ಹಾಕಿ ಬರುವಾಗ ಮೈದುನ ಎನ್ನುವುದನ್ನು ಬಿಟ್ಟಳು. ಕಾಟಪ್ಪ, "ದಿನಾ ಇದೇ ಪಂಚಾಯ್ತಿ ಆದ್ರೆ ಟಗರು ತಾನಾಗೇ ಸೊರಗಿ ಸಾಯ್ತದೆ," ಎಂದು ಉಳಿ ತೆಗೆದುಕೊಂಡು ಬಂಡೆಯ ಕಡೆ ಹೋದ. ಮಾರಮ್ಮನ ಅಂಗಳ ಗುಡಿಸುವ ಮುನಿಯಮ್ಮ ಪಕ್ಕದ ಮನೆಯವಳು. ಮುದ್ದಕ್ಕ ಅವಳ ಹತ್ತಿರ ಬಾಯಿ ಬಿಟ್ಟಳು.

"ಕೊಟ್ಟಿದ್ದನ್ನ ನಾವೇ ತಿಂದ್ರೆ ಏನಾಯ್ತದೆ ಅಂತ ನನ್ ಬಾಯಾಗೆ ಹೇಳುಸ್ಬ್ಯಾಡ ಮುದ್ದಕ್ಕ," ಎಂದಳು ಮುನಿಯಮ್ಮ. "ಈಗ್ಲೇ ಹೊಡ್ಕಂಡೋಗಿ ಒಪ್ಸಿಬುಡು. ಹೊತ್ತಿಗೆ ಮುಂಚೆ ಕೊಟ್ರೆ ತಾಯಿ ಏನೂ ಅನ್ನಾಕಿಲ್ಲ."

ಊಟದ ದಿನ ಬೆಳಕು ಹರಿಯುವಾಗ ಮುದ್ದಕ್ಕ ಗೂಟದಿಂದ ಹಗ್ಗ ಬಿಚ್ಚಿದಳು. ಟಗರು ಮಗುವಿನ ಹಾಗೆ ಹಿಂದೆ ಬಂತು. ಕೇರಿಯ ತಿರುವಿನಲ್ಲಿ ಬಾವಿ. ಅಲ್ಲಿ ದಾನಪ್ಪ ಅತ್ತಿಗೆಯ ಕೊಡ ತುಂಬಿ ಹೆಗಲಿಗೆ ಏರಿಸಿಕೊಳ್ಳುತ್ತಿದ್ದ. ತಾಯಿಯನ್ನು ನೋಡಿದ, ಅವಳ ಕೈಯಲ್ಲಿದ್ದ ಹಗ್ಗ ನೋಡಿದ. ಕೊಡವನ್ನು ಕೆಳಗಿಟ್ಟು, ದಾರಿ ಬಿಟ್ಟು, ಪಕ್ಕಕ್ಕೆ ನಿಂತ.

ಅವನು ಬೈದಿದ್ದರೆ ಅವಳು ಹೋಗಿಬಿಡುತ್ತಿದ್ದಳು. ಹಗ್ಗ ಕಿತ್ತುಕೊಂಡಿದ್ದರೆ ಜಗಳ ಮಾಡಿಯಾದರೂ ಹೋಗುತ್ತಿದ್ದಳು. ಅವನು ದಾರಿ ಬಿಟ್ಟು ನಿಂತಿದ್ದ. ಹುಡುಗರ ಎದುರು ಸಂಜೆಯೆಲ್ಲ ಹಾಡುವ ಅವನ ಮುಖ ಒಂದು ಗಳಿಗೆಯಲ್ಲಿ ಹಸಿದ ಕೂಸಿನ ಮುಖದ ಹಾಗಾಗಿತ್ತು. ಮುದ್ದಕ್ಕ ಅಲ್ಲೇ ನಿಂತಳು. ಆಮೇಲೆ ಹಗ್ಗ ಎಳೆದು, ಟಗರನ್ನು ತಿರುಗಿಸಿಕೊಂಡು, ಮನೆಗೆ ಬಂದಳು.

ಬೊಮ್ಮಪ್ಪ ಹಿಡಿಯದ ಕತ್ತಿಯನ್ನು ತೋವಿನಕೆರೆಯ ಬಾಮೈದ ಹಿಡಿದ. ಮುದ್ದಕ್ಕ ಮಸಾಲೆ ಅರೆದಳು, ಮುದ್ದೆ ಕಟ್ಟಿದಳು. ಕೇರಿಯ ಜನ ಅಂಗಳದಲ್ಲಿ ಸಾಲು ಸಾಲಾಗಿ ಕೂತರು, ಉಪದೇಶಿಗಳು ಚಾಪೆಯ ಮೇಲೆ. ಲಕ್ಷ್ಮಕ್ಕ ತಲೆನೋವೆಂದು ಕೋಣೆ ಸೇರಿ ಬಾಗಿಲು ಎಳೆದುಕೊಂಡಳು. ಬಡಿಸಿದ್ದೆಲ್ಲ ಮುಗಿದ ಮೇಲೆ ದಾನಪ್ಪ ಒಂದು ಗಂಗಳದಲ್ಲಿ ಮುದ್ದೆ, ಸಾರು, ನಾಲ್ಕು ತುಂಡು ಹಾಕಿಕೊಂಡು ಬಂದು ತಾಯಿಯ ಮುಂದಿಟ್ಟು ಕೂತ.

"ಉಣ್ಣವ್ವ."

"ಆಮ್ಯಾಕೆ ಉಣ್ತೀನಿ ಬುಡು."

"ನನ್ ಜತೆಗೆ ಉಣ್ಣು. ನಾಳೆ ಹೋಯ್ತೀನಿ."

ಅಂಗಳದವರೆಲ್ಲ ನೋಡುತ್ತಿದ್ದರು. ಮುದ್ದಕ್ಕ ಒಂದು ತುಂಡು ಬಾಯಿಗಿಟ್ಟಳು. ಎರಡು ವರ್ಷ ನುಗ್ಗೆ ಸೊಪ್ಪು ತಿಂದ ಮಾಂಸ ಮೆತ್ತಗೆ ಬೆಂದಿತ್ತು. ಅವಳು ಅಗಿದಳು, ನುಂಗಿದಳು, ಇನ್ನೊಂದು ತೆಗೆದುಕೊಂಡಳು. ಗಂಗಳ ಬರಿದಾಗುವ ತನಕ ದಾನಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆ ಮುಖಕ್ಕಾಗಿಯೇ ಅವಳು ಉಂಡಳು.

ಮರುದಿನ ಇದ್ದಿಲು ಬಸ್ಸು ಕೆಮ್ಮುತ್ತ ಹೊರಟಿತು. ಅವನು ಕಿಟಕಿಯಿಂದ ಕೈ ಚಾಚಿ, "ದಿಗಿಲು ಬೀಳ್ಬ್ಯಾಡವ್ವ, ಈಗ ಏನೂ ಸಾಲ ಉಳಿದಿಲ್ಲ," ಎಂದ.

ಆಮೇಲೆ ಅವರೆಕಾಯಿ ಬಂತು, ಹೋಯಿತು. ರಾಗಿ ರೇಷನ್ನಾಯಿತು, ಮುದ್ದೆ ಚಿಕ್ಕದಾಯಿತು. ಕಾಟಪ್ಪ ಮಗನ ಮಾತಿಗೆ ಕಟ್ಟುಬಿದ್ದು ಹೆಂಡ ಬಿಟ್ಟಿದ್ದ. ಸಂಜೆಯಾದರೆ ಏನು ಮಾಡಬೇಕೆಂದು ತಿಳಿಯದೆ ಕೆತ್ತಿದ ಒರಳನ್ನೇ ಮತ್ತೆ ಸವರುತ್ತ ಕೂರುತ್ತಿದ್ದ. ಮುದ್ದಕ್ಕ ನುಗ್ಗೆ ಸೊಪ್ಪು ಮುರಿದಾಗಲೆಲ್ಲ ಒಂದು ಕೈ ತಾನಾಗಿ ಬರಿದಾದ ಗೂಟದ ಕಡೆ ಹೋಗಿ, ಹಿಂದಕ್ಕೆ ಬರುತ್ತಿತ್ತು.

ಮಳೆ ಹಿಡಿದ ಒಂದು ದಿನ ಟಪಾಲಿನವನು ತಂತಿ ತಂದ. ಉಪದೇಶಿಗಳು ಓದಿದರು. ದಾನಪ್ಪ ಜ್ವರದಿಂದ ಮಿಲಿಟರಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ಮುದ್ದಕ್ಕ ಅಳಲಿಲ್ಲ ಎಂದು ಕೇರಿಯವರು ಮಾತಾಡಿಕೊಂಡರು. ಅವಳು ಹಿತ್ತಲಿಗೆ ಹೋಗಿ ಬಾಯಿಗೆ ಬೆರಳಿಟ್ಟು ಕಕ್ಕಿಕೊಳ್ಳಲು ನೋಡಿದ್ದನ್ನು ಲಕ್ಷ್ಮಕ್ಕ ಒಬ್ಬಳೇ ಕಂಡಳು. ತಿಂದು ಎಷ್ಟೋ ತಿಂಗಳಾಗಿತ್ತು. ಲಕ್ಷ್ಮಕ್ಕ ಬಂದು ಅತ್ತೆಯ ಬೆನ್ನು ಹಿಡಿದುಕೊಂಡಳು.

ಮುನಿಯಮ್ಮ ಬಂದಳು, ಕೂತಳು, ಏನೂ ಅನ್ನದೆ ಎದ್ದು ಹೋದಳು. ಅಂದಿದ್ದರೇ ವಾಸಿಯಿತ್ತು. ಬೊಮ್ಮಪ್ಪ ಸುಮ್ಮನಿರಲಾರದೆ ಶುರುಮಾಡಿದ.

"ಇನ್ನೊಂದು ಟಗರು ತಂದು ತಪ್ಪಾಯ್ತು ಅಂತ ಒಪ್ಸಾನ ಅವ್ವಾ. ಇರೋರಿಗಾದ್ರೂ ಒಳ್ಳೇದಾಗ್ಲಿ."

"ಮಗನ್ನೇ ತಗಂಡೋಳಿಗೆ ಇನ್ನ ಟಗರು ಬ್ಯಾರೆ ಕೇಡು," ಎಂದ ಕಾಟಪ್ಪ. "ಜ್ವರಕ್ಕೆ ಸತ್ತವ್ನೆ ಕಣ್ಲಾ. ಜ್ವರ ಯಾರ ಮನೆ ಟಗರನ್ನೂ ಕೇಳ್ಕಂಡು ಬರಾಕಿಲ್ಲ."

"ಅವ್ವ ಹೇಳ್ಲಿ," ಎಂದ ಬೊಮ್ಮಪ್ಪ.

ಮುದ್ದಕ್ಕ ಒಲೆಯ ಮುಂದೆ ಕೂತಿದ್ದಳು. "ನಂಗೆ ಹೇಳಿ ಕೊಡು ಅಂದಿದ್ದ ಅವ್ನು," ಎಂದಳು. "ಈಗ ಯಾರಿಗೆ ಹೇಳಿ ಕೊಡ್ಲಿ?"

ಆ ಮನೆಯಲ್ಲಿ ಮತ್ತೆ ಆ ಮಾತು ಎದ್ದಿರಲಿಲ್ಲ, ಚಿಕ್ಕರಂಗಯ್ಯ ಬರುವ ತನಕ.

ಅವನು ರಜೆಯ ಮೇಲೆ ಪಾವಗಡದ ಬಲಸಮುದ್ರಕ್ಕೆ ಹೊರಟವನು, ಮಧುಗಿರಿಯಲ್ಲಿ ಇಳಿದು ಮನೆ ಹುಡುಕಿಕೊಂಡು ಬಂದಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ಹೆಗಲ ಮೇಲೆ ಒಂದು ಬೂದು ಕಂಬಳಿ. ಅದನ್ನು ನೋಡಿದ ಕೂಡಲೇ ಲಕ್ಷ್ಮಕ್ಕನಿಗೆ ಅವನು ಯಾರೆಂದು ತಿಳಿಯಿತು. ಕೈಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು.

"ಕಡೇ ತನಕ ಅವ್ನ ಜತೆನೇ ಇದ್ದೆನಮ್ಮಾ," ಎಂದ ಚಿಕ್ಕರಂಗಯ್ಯ, ಪಾವಗಡದ ಕಡೆಯ ತೆಲುಗು ಬೆರೆತ ಮಾತಿನಲ್ಲಿ. "ಜ್ವರದಾಗೆ ಬೇರೆಯೋರು ಏನೇನೋ ಕನವರಿಸ್ತಾರೆ ಕದಾ. ಅವ್ನು ಒಂದೇ ಮಾತು. 'ನಮ್ಮವ್ವ ಉಂಡ್ಳು ಕಣ್ಲಾ ಚಿಕ್ಕರಂಗ, ದಿಗಿಲು ಬಿಟ್ಟು ಉಂಡ್ಳು.' ಅದಕ್ಕೂ ಮುಂಚೆ ಡೇರೆಯಾಗೆ ಎಲ್ಲರ ಮುಂದೆ ಎದ್ದು ನಿಂತು ಎಷ್ಟು ಸಲ ಹೇಳವ್ನೋ. ನಗ್ತಾನೇ ಹೋದ್ನಮ್ಮಾ."

ಕಾಟಪ್ಪ ತಲೆ ಎತ್ತಿ ಹೆಂಡತಿಯ ಕಡೆ ನೋಡಿದ. ಲಕ್ಷ್ಮಕ್ಕನೂ ನೋಡಿದಳು. ಮುದ್ದಕ್ಕ ಅವತ್ತು ಯಾವ ದಿಗಿಲಿನಲ್ಲಿ ಉಂಡಳೆಂದು ಆ ಇಬ್ಬರಿಗೂ ಗೊತ್ತಿತ್ತು. ಮುದ್ದಕ್ಕನ ಬಾಯಿವರೆಗೆ ಮಾತು ಬಂತು. ಎದುರಿಗಿದ್ದ ಹುಡುಗನ ಮುಖದಲ್ಲಿ ತಾನು ಅವತ್ತು ಅಂಗಳದಲ್ಲಿ ಕಂಡ ಬೆಳಕೇ ಇತ್ತು.

"ಹೂಂ ಕಣಪ್ಪ," ಎಂದಳು. "ಉಂಡೆ."

ಅವಳು ಎದ್ದು ಮುದ್ದೆ ತಿರುವಿ ಹುಡುಗನಿಗೂ ಗಂಡನಿಗೂ ಗಂಗಳಕ್ಕೆ ಹಾಕಿದಳು. ಹುರುಳಿ ಸಾರು ಬಿಟ್ಟಳು. ಚಿಕ್ಕರಂಗಯ್ಯ ಕೂತುಕೊಂಡು ಉತ್ಸಾಹದಿಂದ ಹೇಳುತ್ತಲೇ ಇದ್ದ. "ನಮ್ಮನೇಲಿ ಇನ್ನೂ ಯಾರ್ಗೂ ಗೊತ್ತಿಲ್ಲ, ನಾನು ಕ್ರಿಸ್ತನ್ನ ನಂಬ್ದೋನು ಅಂತ. ನಾಳೆ ಹೇಳ್ಬೇಕು. ನಮ್ಮಮ್ಮ ನನ್ ಹೆಸ್ರಲ್ಲಿ ದೇವ್ರಿಗೆ ಕಾಸು ಮುಡುಪು ಕಟ್ಟಿ ಜಂತೆಗೆ ಸಿಗಿಸವ್ಳೆ. ಹೋದ ತಕ್ಷಣ ಅದನ್ನ ಬಿಚ್ಚುಸ್ತೀನಿ. ದಾನಪ್ಪ ಮಾಡ್ಲಿಲ್ವಾ, ಹಂಗೇ."

ಸೌಟು ಹಿಡಿದ ಮುದ್ದಕ್ಕನ ಕೈ ನಿಂತಿತು.

"ನಿನ್ ನಂಬ್ಕೆ ನಿಂಗಿರ್ಲಿ ಮಗ, ಅದನ್ನ ಬುಡ್ಬ್ಯಾಡ. ಆ ಗಂಟು ಮಾತ್ರ ಬಿಚ್ಬ್ಯಾಡ. ನೀನು ದಂಡು ಬಿಟ್ಟು ಮನೆ ಸೇರೋಗಂಟ ಅಲ್ಲೇ ಇರ್ಲಿ."

ಹುಡುಗ ಕಣ್ಣರಳಿಸಿ ನೋಡಿದ. "ಅದರಾಗೆ ಏನಿದೆ ಅಮ್ಮಾ? ಬಿಚ್ಚಿದ್ರೆ ನಂಗೇನಾಗ್ತದೆ?"

"ನಿಂಗೇನೂ ಆಗ್ದೆ ಇರ್ಬೋದು," ಎಂದಳು ಮುದ್ದಕ್ಕ. "ನಿಮ್ಮವ್ವಂಗೆ ಆಯ್ತದೆ."

ಅವನು ಕೇಳಿದ ಮಾತಿಗೆ ಉತ್ತರ ಸಿಕ್ಕಿತೋ ಇಲ್ಲವೋ ತಿಳಿಯದವನ ಹಾಗೆ ಕೂತ. ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ, ತುಟಿ ಅಲ್ಲಾಡದ ಹಾಗೆ, ಬಹಳ ಹೊತ್ತು. ಕಾಟಪ್ಪನ ಕೈ ಮುದ್ದೆಯ ಮೇಲೆ ಹೋಗದೆ ಮೊಣಕಾಲ ಮೇಲೇ ಇತ್ತು. ಮುದ್ದೆ ಆರುತ್ತಿದೆ ಎಂದು ಆ ದಿನ ಯಾರೂ ಅನ್ನಲಿಲ್ಲ.